ಒಗಟಿಗೆ ಹತ್ತಿರ, ಪರೀಕ್ಷೆಗೆ ದೂರ

ರಸಪ್ರಶ್ನೆಯ ಆಟಕ್ಕೆ ಬೇಕಾದ ಸಲಕರಣೆ ಬಹಳ ಕಡಿಮೆ. ಕೇಳುವವರು ಒಬ್ಬರು, ಊಹಿಸುವವರು ನಾಲ್ಕು ಮಂದಿ, ಕೈಯಲ್ಲಿ ಒಂದಿಷ್ಟು ಬಿಡುವು ಇದ್ದರೆ ಆಯಿತು. ಮದುವೆಮನೆಯ ಜಗುಲಿ, ಪ್ರವಾಸದ ಬಸ್ಸು, ಕಾಲೇಜಿನ ಸಭಾಂಗಣ, ಟೀವಿ ಸ್ಟುಡಿಯೊ ಎಲ್ಲ ಕಡೆಯೂ ಇದೇ ಆಟ ಬೇರೆ ಬೇರೆ ವೇಷದಲ್ಲಿ ನಡೆಯುತ್ತದೆ. ಮೇಲ್ನೋಟಕ್ಕೆ ಇದು ನೆನಪಿನ ಪ್ರದರ್ಶನದಂತೆ ಕಾಣುತ್ತದೆ. ಆದರೆ ಯಾರಿಗೂ ನೇರವಾಗಿ ಗೊತ್ತಿಲ್ಲದ ಉತ್ತರವನ್ನು ನಾಲ್ಕು ಜನ ತಲೆ ಕೆರೆದುಕೊಂಡು ಹುಡುಕುವಾಗ ಸಿಗುವ ಮಜಾ, ಗೊತ್ತಿದ್ದವನೊಬ್ಬ ಪಟ್ಟನೆ ಹೇಳಿ ಕೂತಾಗ ಸಿಗುವುದಿಲ್ಲ. ಆಟದ ಬೆಲೆ ಕಟ್ಟಬೇಕಾದರೆ ಪ್ರಶ್ನೆಯನ್ನು ಹೇಗೆ ಕಟ್ಟಿದ್ದಾರೆ ಎಂಬುದನ್ನೇ ಮೊದಲು ನೋಡಬೇಕು.

ಈ ವಿಷಯದಲ್ಲಿ ಕನ್ನಡದ ಒಗಟು ಒಳ್ಳೆಯ ಅಳತೆಗೋಲು. ಒಗಟಿನ ಉತ್ತರ ಒಗಟಿನೊಳಗೇ ಅಡಗಿರುತ್ತದೆ. ಬಣ್ಣ, ಆಕಾರ, ನಡೆ, ಕೆಲಸ ಹೀಗೆ ಒಂದೊಂದೇ ಗುಣವನ್ನು ಹೇಳುತ್ತ, ಹೆಸರನ್ನು ಮಾತ್ರ ಮುಚ್ಚಿಡುತ್ತದೆ. ಬಿಡಿಸಲು ಓದು ಬೇಕಿಲ್ಲ, ಹೊಲ, ಮನೆ, ದನಕರುಗಳನ್ನು ಕಣ್ಣಿಟ್ಟು ನೋಡಿದ್ದರೆ ಸಾಕು. ರಸಪ್ರಶ್ನೆಯ ಉತ್ತರ ಹಾಗಲ್ಲ, ಅದು ಹೊರಗಿನ ಲೋಕದಲ್ಲಿ, ಯಾವುದೋ ಇಸವಿಯಲ್ಲೋ ಪುಸ್ತಕದಲ್ಲೋ ಊರಿನಲ್ಲೋ ಇರುತ್ತದೆ. ಅಲ್ಲಿಗೆ ಹೋಗುವ ದಾರಿಯ ಗುರುತನ್ನು ಪ್ರಶ್ನೆ ಕೊಟ್ಟರೆ ಅದು ಒಗಟಿಗೆ ಹತ್ತಿರವಾಗುತ್ತದೆ. ಕೊಡದೇ ಹೋದರೆ ಪರೀಕ್ಷೆಯ ಕೊಠಡಿಗೆ ಹತ್ತಿರವಾಗುತ್ತದೆ. ರಸಪ್ರಶ್ನೆಗಳಲ್ಲಿ ಒಳ್ಳೆಯವು, ಕೆಟ್ಟವು ಎಂಬ ವಿಂಗಡಣೆ ಬಹುಮಟ್ಟಿಗೆ ಇಲ್ಲಿಯೇ ಮುಗಿಯುತ್ತದೆ.

ಎರಡು ಪ್ರಶ್ನೆಗಳನ್ನು ಅಕ್ಕಪಕ್ಕ ಇಟ್ಟರೆ ಇದು ಸ್ಪಷ್ಟವಾಗುತ್ತದೆ. ಕರ್ನಾಟಕದ ಅತಿ ಎತ್ತರದ ಶಿಖರ ಯಾವುದು? ಮುಳ್ಳಯ್ಯನಗಿರಿ. ಗೊತ್ತಿದ್ದವರಿಗೆ ಗೊತ್ತು, ಗೊತ್ತಿಲ್ಲದವರು ಎಷ್ಟು ಹೊತ್ತು ಯೋಚಿಸಿದರೂ ಒಂದು ಹೆಜ್ಜೆ ಮುಂದೆ ಹೋಗಲಾರರು. ಎಸ್‌ಡಿಎ, ಎಫ್‌ಡಿಎ ಪರೀಕ್ಷೆಗೆ ಕೂರುವವರು ಬಾಯಿಪಾಠ ಮಾಡುವ ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ತುಂಬಿರುವುದು ಇದೇ ಜಾತಿಯ ಪ್ರಶ್ನೆ. ಸಾವಿರಾರು ಅರ್ಜಿದಾರರಲ್ಲಿ ಕೆಲವರನ್ನು ಆರಿಸಲು ಅದಕ್ಕೊಂದು ಉಪಯೋಗವಿದೆ, ಆಟಕ್ಕೆ ಇಲ್ಲ.

ಇನ್ನೊಂದು ಪ್ರಶ್ನೆ: 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ ಉತ್ಪಾದನೆ ಶುರುವಾಯಿತು. ಅರಸರ ಮೈಸೂರು ಹತ್ತಿರದಲ್ಲೇ ಇತ್ತು, ಆದರೂ ಅಲ್ಲಿಗೆ ಕರೆಂಟ್ ಹೋಗಲಿಲ್ಲ. ಬೆಂಗಳೂರಿಗೆ ಬಂದದ್ದು 1905ರಲ್ಲಿ. ಮೊದಲ ತಂತಿಯನ್ನು ಸುಮಾರು 147 ಕಿಲೋಮೀಟರ್ ದೂರ ಎಳೆದು ಎಲ್ಲಿಗೆ ಒಯ್ದರು?

ಇದನ್ನು ಕೇಳಿದ ತಂಡದಲ್ಲಿ ಪಿಸುಮಾತು ಏಳುತ್ತದೆ. ಅರಮನೆಯೇ ಮೊದಲು ಇರಬೇಕಿತ್ತಲ್ಲ? ಅಲ್ಲ ಎಂದು ಪ್ರಶ್ನೆಯೇ ಹೇಳುತ್ತಿದೆ. ಆಗ ಮನೆಮನೆಗೆ ದೀಪ ಕೊಟ್ಟು ಅಷ್ಟು ದೊಡ್ಡ ಯೋಜನೆಯ ಖರ್ಚು ಎತ್ತಲು ಸಾಧ್ಯವಿತ್ತೇ? ಇಲ್ಲ. ಹಾಗಾದರೆ ಹಗಲು ರಾತ್ರಿ ಒಂದೇ ಸಮನೆ ಕರೆಂಟ್ ಬೇಕಿದ್ದ, ಅದಕ್ಕೆ ದುಡ್ಡು ಕೊಡುವ ತಾಕತ್ತೂ ಇದ್ದ ಗಿರಾಕಿ ಯಾರು? ಆಳದಿಂದ ಅದಿರು ಎತ್ತಬೇಕು, ನೀರು ಹೊರಹಾಕಬೇಕು, ಕಲ್ಲು ಪುಡಿ ಮಾಡಬೇಕು. ಇಷ್ಟು ಹೊತ್ತಿಗೆ ಯಾರಾದರೊಬ್ಬರು ಕೋಲಾರದ ಚಿನ್ನದ ಗಣಿ ಎನ್ನುತ್ತಾರೆ. ಇಸವಿ ಗೊತ್ತಿರಬೇಕಿಲ್ಲ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಹೆಸರೂ ಬೇಕಿಲ್ಲ. ಸಂಸ್ಥಾನದ ಹಣ ಎಲ್ಲಿಂದ ಬರುತ್ತಿತ್ತು ಎಂಬ ಅಂದಾಜಿದ್ದರೆ ಸಾಕು. ತಪ್ಪು ಹೇಳಿದವರಿಗೂ ಉತ್ತರ ಕೇಳಿದ ಮೇಲೆ ಛೆ, ಹೊಳೆಯಬೇಕಿತ್ತು ಅನ್ನಿಸುತ್ತದೆ. ಆ ಒಂದು ಛೆ ಬಂದರೆ ಪ್ರಶ್ನೆ ಗೆದ್ದಂತೆಯೇ.

ಮತಗಟ್ಟೆಯ ಶಾಯಿಯ ಪ್ರಶ್ನೆಯೂ ಇದೇ ಜಾತಿಯದು. 1937ರಲ್ಲಿ ಮೈಸೂರಿನಲ್ಲಿ ಸಂಸ್ಥಾನ ಆರಂಭಿಸಿದ ಅರಗು ಮತ್ತು ಬಣ್ಣದ ಕಾರ್ಖಾನೆಯ ಒಂದು ಉತ್ಪನ್ನ 1962ರಿಂದ ದೇಶದ ಕೋಟ್ಯಂತರ ಜನರ ಮೈ ಮುಟ್ಟಿದೆ, ಆದರೆ ಅದನ್ನು ಕೊಂಡುಕೊಂಡವರು ಅವರಲ್ಲಿ ಒಬ್ಬರೂ ಇಲ್ಲ ಎಂದು ಶುರು ಮಾಡಿದರೆ ಸಾಕು, ಕೇಳಿದವರು ತಮ್ಮ ಎಡಗೈ ತೋರುಬೆರಳನ್ನು ನೋಡಿಕೊಳ್ಳುವ ತನಕ ಆಟ ಸಾಗುತ್ತದೆ.

ಇಂಥ ಪ್ರಶ್ನೆ ಕಟ್ಟುವ ಕಲೆಯನ್ನು ಭಾರತದಲ್ಲಿ ಪಳಗಿಸಿದವರಲ್ಲಿ ಬೆಂಗಳೂರಿನವರ ಪಾಲು ದೊಡ್ಡದು. ಕಲ್ಕತ್ತೆಯಲ್ಲಿ 1967ರಲ್ಲಿ ನೀಲ್ ಓಬ್ರಿಯನ್ ಸಾರ್ವಜನಿಕ ಕ್ವಿಜ್ ಆರಂಭಿಸಿದರು. 1985ರಲ್ಲಿ ಸಿದ್ಧಾರ್ಥ ಬಸು ಅವರ ಕ್ವಿಜ್ ಟೈಮ್ ದೂರದರ್ಶನದ ಮೂಲಕ ಅದನ್ನು ಮನೆಮನೆಗೆ ತಂದಿತು. ಈ ಎರಡರ ನಡುವೆ, 1983ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಹುಟ್ಟಿತು. ಬಹುಮಾನದ ಆಸೆಗಿಂತ ಪ್ರಶ್ನೆಯ ರುಚಿಗಾಗಿ ರಜಾದಿನದ ಮಧ್ಯಾಹ್ನವನ್ನು ಕಳೆಯುವ ಒಂದು ಬಳಗ ಅದರ ಸುತ್ತ ಬೆಳೆಯಿತು. ಊಹಿಸಿ ಮುಟ್ಟಲಾಗದ ಪ್ರಶ್ನೆಯನ್ನು ತಂದ ಕ್ವಿಜ್ ಮಾಸ್ಟರ್‌ಗೆ ಅಲ್ಲಿ ಮರ್ಯಾದೆ ಕಡಿಮೆ.

ಆಡುವ ಕ್ರಮವೂ ಪ್ರಶ್ನೆಯ ಜೊತೆ ಬದಲಾಯಿತು. ಹಳೆಯ ಪದ್ಧತಿಯಲ್ಲಿ ಪ್ರತಿ ತಂಡಕ್ಕೂ ಒಂದು ನೇರ ಪ್ರಶ್ನೆ, ಉತ್ತರ ಬಾರದಿದ್ದರೆ ಪಕ್ಕದವರಿಗೆ ಪಾಸ್. ದುರ್ಬಲ ತಂಡದ ಪಕ್ಕದಲ್ಲಿ ಕೂತವರಿಗೆ ಅದು ಹಬ್ಬ, ಚೀಟಿ ಎತ್ತಿ ಜಾಗ ಹಿಡಿದಾಗಲೇ ಅರ್ಧ ಫಲಿತಾಂಶ ಹೊರಬಿದ್ದಿರುತ್ತಿತ್ತು. ಆಮೇಲೆ ಬಂದ ಬೌನ್ಸ್ ಪದ್ಧತಿಯಲ್ಲಿ ಕೊನೆಯ ಪ್ರಶ್ನೆಗೆ ಉತ್ತರಿಸಿದ ತಂಡದ ಮುಂದಿನವರಿಂದ ಹೊಸ ಪ್ರಶ್ನೆ ಶುರುವಾಗುತ್ತದೆ, ಆ ಅನ್ಯಾಯ ಬಹಳಷ್ಟು ತಗ್ಗುತ್ತದೆ. ಅದರ ಮೇಲೆ ಪೌನ್ಸ್ ಸೇರಿತು. ತಮ್ಮ ಸರದಿ ಬರುವ ತನಕ ಕಾಯದೆ ಯಾವ ತಂಡ ಬೇಕಾದರೂ ಉತ್ತರವನ್ನು ಚೀಟಿಯಲ್ಲಿ ಬರೆದು ಕೊಡಬಹುದು. ಸರಿಯಾದರೆ ಅಂಕ, ತಪ್ಪಾದರೆ ಬಹಳ ಕಡೆ ಅಂಕ ಕಡಿತ. ತನ್ನ ಊಹೆಯ ಮೇಲೆ ತನಗೇ ಎಷ್ಟು ನಂಬಿಕೆ ಎಂದು ತೂಗಿ ನೋಡಬೇಕಾಗುವುದರಿಂದ ಆಟಕ್ಕೆ ಇನ್ನೊಂದು ಪದರ ಕೂಡಿಕೊಂಡಿತು.

ಇದೇ ಸಂಸ್ಥೆ 2005ರಲ್ಲಿ ಆರಂಭಿಸಿದ ಮಹಾಕ್ವಿಜರ್ ಒಬ್ಬೊಬ್ಬರೇ ಕೂತು ಬರೆಯುವ ಸ್ಪರ್ಧೆ: 150 ಪ್ರಶ್ನೆ, 90 ನಿಮಿಷ. ಸರದಿಯ ಅದೃಷ್ಟ ಇಲ್ಲಿ ಪೂರ್ತಿ ಇಲ್ಲವಾಗುತ್ತದೆ, ಅದು ನ್ಯಾಯವೇ. ಆದರೆ ಪ್ರಶ್ನೆಗೆ 36 ಸೆಕೆಂಡು, ಪಿಸುಗುಟ್ಟಲು ಪಕ್ಕದಲ್ಲಿ ಯಾರೂ ಇಲ್ಲ. ಪ್ರಶ್ನೆಗಳು ಎಷ್ಟೇ ಚೆನ್ನಾಗಿದ್ದರೂ ಕೊಠಡಿಯ ಗಾಳಿ ಪರೀಕ್ಷೆಯದೇ.

ಈ ವಲಯದ ದೋಷಗಳೂ ಸಣ್ಣವಲ್ಲ. ಪರದೆಯ ಮೇಲೆ ಒಂದು ಪುಟದಷ್ಟು ಸುಳಿವು ಸುರಿದು, ಓದಿ ಮುಗಿಸುವಷ್ಟರಲ್ಲಿ ಸುಸ್ತಾಗಿಸುವ ಚಾಳಿ ಇದೆ. ಹತ್ತು ವರ್ಷದಿಂದ ಕ್ವಿಜ್ ಆಡುತ್ತ ಬಂದವರಿಗೆ ಮೊದಲ ಸಾಲಿನಲ್ಲೇ ಹೊಳೆಯುವ, ಹೊಸಬರಿಗೆ ಕೊನೆಯ ಸಾಲಿನಲ್ಲೂ ಹೊಳೆಯದ ಸವಕಲು ಪ್ರಶ್ನೆಗಳೂ ಇವೆ. ಎಲ್ಲಕ್ಕಿಂತ ದೊಡ್ಡ ಕೊರತೆ ಭಾಷೆಯದು. ಈ ಕ್ವಿಜ್‌ಗಳು ನಡೆಯುವುದು ಹೆಚ್ಚುಕಡಿಮೆ ಪೂರ್ತಿ ಇಂಗ್ಲಿಷಿನಲ್ಲಿ. ಹಾಲಿವುಡ್ಡಿನ ಪೋಸ್ಟರ್, ಬ್ರಿಟಿಷ್ ಪಾಪ್ ಸಂಗೀತ, ಅಮೆರಿಕದ ಕಂಪನಿಗಳ ಲೋಗೊ ಎಲ್ಲರಿಗೂ ಗೊತ್ತಿರಬೇಕಾದ ಸಾಮಾನ್ಯ ಸಂಗತಿಗಳಾಗಿ ಬರುತ್ತವೆ, ಪಂಪನೋ ಗುಬ್ಬಿ ಕಂಪನಿಯೋ ಬಂದರೆ ಅದು ವಿಶೇಷ ಸುತ್ತು. ತನ್ನ ಊರಿನ ತಿಳಿವಳಿಕೆ ತನ್ನ ಊರಿನಲ್ಲೇ ಹೀಗೆ ಅತಿಥಿಯಾಗಿರುವುದು ವಿಚಿತ್ರ.

ಆ ಜಾಗವನ್ನು ತುಂಬಿದ್ದು ದೂರದರ್ಶನ ಚಂದನದ ‘ಥಟ್ ಅಂತ ಹೇಳಿ’. 2002ರಲ್ಲಿ ಆರಂಭವಾದ ಈ ಕಾರ್ಯಕ್ರಮ ಸಾವಿರಾರು ಸಂಚಿಕೆಗಳನ್ನು ದಾಟಿದೆ. ನಡೆಸಿಕೊಡುವ ಡಾ. ನಾ. ಸೋಮೇಶ್ವರ ವೃತ್ತಿಯಿಂದ ವೈದ್ಯರು, ಕನ್ನಡದಲ್ಲಿ ವೈದ್ಯಕೀಯ ಬರಹ ಮಾಡಿದವರು. ಸರಿಯುತ್ತರಕ್ಕೆ ಇಲ್ಲಿ ಸಿಗುವುದು ಪುಸ್ತಕ. ಗೆದ್ದವರು ಪುಸ್ತಕದ ಕಟ್ಟು ಹೊತ್ತು ಮನೆಗೆ ಹೋಗುವ ಟೀವಿ ಸ್ಪರ್ಧೆ ಎಂಬುದೇ ಅದರ ದೊಡ್ಡ ಹೆಗ್ಗಳಿಕೆ. ಹಳಗನ್ನಡ ಕವಿ, ದಾಸರ ಪದ, ವಿಜ್ಞಾನ, ಸಿನಿಮಾ ಒಂದೇ ಪಂಕ್ತಿಯಲ್ಲಿ ಕೂರುತ್ತವೆ, ಯಾವುದಕ್ಕೂ ಅನುವಾದದ ವಾಸನೆ ಇರುವುದಿಲ್ಲ.

ಆದರೆ ಪ್ರಶ್ನೆಯ ಕಟ್ಟಣೆಯನ್ನಷ್ಟೇ ನೋಡಿದರೆ ಇದು ಬೆಂಗಳೂರಿನ ಕ್ವಿಜ್‌ಗಿಂತ ಹಿಂದೆಯೇ. ಈ ಕೃತಿ ಬರೆದವರಾರು, ಈ ಬಿರುದು ಯಾರದು ಎಂಬಂಥ ನೇರ ಪ್ರಶ್ನೆಗಳಿಗೆ ಅಲ್ಲಿ ಜಾಗ ಹೆಚ್ಚು, ಊಹೆಗೆ ಅವಕಾಶ ಕಡಿಮೆ. ಈ ಕೊರತೆಯನ್ನು ತುಂಬಿಕೊಡುವುದು ನಿರೂಪಕರ ವಿವರಣೆ. ಉತ್ತರ ಬಂದ ಮೇಲೆ ಆ ಕವಿ ಯಾರು, ಆ ರೋಗಕ್ಕೆ ಆ ಹೆಸರು ಹೇಗೆ ಬಂತು ಎಂದು ನಾಲ್ಕು ಮಾತು ಹೇಳುತ್ತಾರೆ. ಪ್ರಶ್ನೆಯೊಳಗೆ ಇರಬೇಕಿದ್ದ ಕಥೆ ಉತ್ತರದ ಹಿಂದೆ ಬರುತ್ತದೆ. ಮನೆಯಲ್ಲಿ ಕೂತು ನೋಡುವವರಿಗೆ ಅದೂ ಲಾಭವೇ, ಕಾರ್ಯಕ್ರಮ ಇಷ್ಟು ವರ್ಷ ಬಾಳಿದ್ದಕ್ಕೆ ಅದೇ ಮುಖ್ಯ ಕಾರಣ ಇದ್ದೀತು.

ದೊಡ್ಡ ದುಡ್ಡಿನ ಆಟಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಬ್ರಿಟನ್ನಿನಲ್ಲಿ 1998ರಲ್ಲಿ ಹುಟ್ಟಿದ ಮಾದರಿ 2000ದಲ್ಲಿ ಹಿಂದಿಗೆ ಬಂತು, 2012ರಲ್ಲಿ ಪುನೀತ್ ರಾಜಕುಮಾರ್ ಅವರ ನಿರೂಪಣೆಯಲ್ಲಿ ‘ಕನ್ನಡದ ಕೋಟ್ಯಧಿಪತಿ’ಯಾಯಿತು. ಜನ ಕಣ್ಣರಳಿಸಿ ನೋಡಿದ್ದು ಪ್ರಶ್ನೆಯನ್ನಲ್ಲ, ಬಿಸಿಕುರ್ಚಿಯಲ್ಲಿ ಕೂತವರ ಮುಖವನ್ನು. ನಾಲ್ಕು ಆಯ್ಕೆ ಕೊಟ್ಟ ಕೂಡಲೇ ಹುಡುಕಾಟ ಹೋಗಿ ಆರಿಸಾಟ ಉಳಿಯುತ್ತದೆ. ಆಯ್ಕೆಗಳನ್ನು ಜಾಣತನದಿಂದ ಹೆಣೆದಾಗ ಒಂದೊಂದನ್ನೇ ತಳ್ಳಿಹಾಕುವ ತರ್ಕಕ್ಕೆ ಎಡೆಯಿದೆ ನಿಜ, ಆದರೆ ಲಕ್ಷಗಟ್ಟಲೆ ಹಣ ಪಣಕ್ಕಿದ್ದಾಗ ತಮಾಷೆಗೆ ಊಹಿಸುವ ಧೈರ್ಯ ಯಾರಿಗೂ ಇರುವುದಿಲ್ಲ.

ಪ್ರಶ್ನೆ ಎಷ್ಟೇ ಸೊಗಸಾಗಿದ್ದರೂ ಉತ್ತರ ನಿಜವಾಗಿರಬೇಕು. ಈ ಆಟದ ಹಳೆಯ ರೋಗ ಇರುವುದು ಇಲ್ಲಿ. ಅಮೆರಿಕದ ಫ್ರೆಡ್ ವರ್ತ್ ಎಂಬ ಲೇಖಕರು ಬಿಡಿ ಮಾಹಿತಿಗಳ ಕೋಶಗಳನ್ನು ಬರೆದಿದ್ದರು. ಕದಿಯುವವರನ್ನು ಹಿಡಿಯಲೆಂದು ಒಂದು ಸುಳ್ಳನ್ನೂ ಸೇರಿಸಿದ್ದರು: ಟೀವಿಯ ಪತ್ತೇದಾರ ಕೊಲಂಬೊನ ಮೊದಲ ಹೆಸರು ಫಿಲಿಪ್ ಎಂದು. ಕೆನಡಾದಲ್ಲಿ ಹುಟ್ಟಿ ಜಗತ್ತಿನಾದ್ಯಂತ ಮಾರಾಟವಾದ ಟ್ರಿವಿಯಲ್ ಪರ್ಸ್ಯೂಟ್ ಆಟದಲ್ಲಿ ಅದೇ ಫಿಲಿಪ್ ಕಾಣಿಸಿಕೊಂಡ. ವರ್ತ್ 1984ರಲ್ಲಿ ದಾವೆ ಹೂಡಿದರು, ಸೋತರು. ಸಂಗತಿಗಳು ಯಾರ ಸೊತ್ತೂ ಅಲ್ಲ ಎಂಬ ತತ್ವದ ಮೇಲೆ ಮೇಲ್ಮನವಿಯೂ 1987ರಲ್ಲಿ ಬಿದ್ದುಹೋಯಿತು. ಪ್ರಶ್ನೆಗಳು ಕೈಯಿಂದ ಕೈಗೆ ಸರಾಗವಾಗಿ ದಾಟುವುದಕ್ಕೆ ಈ ತತ್ವ ಅನುಕೂಲ. ಅದೇ ದಾರಿಯಲ್ಲಿ ಸುಳ್ಳೂ ದಾಟುತ್ತದೆ ಎಂಬುದಕ್ಕೆ ಫಿಲಿಪ್ ಸಾಕ್ಷಿ.

ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುವ ಪ್ರಶ್ನೆಗಳಿಗೆ ಈ ರೋಗ ಬೇಗ ಅಂಟುತ್ತದೆ. ನಮ್ಮ ರಾಷ್ಟ್ರಗೀತೆಯನ್ನು ಯುನೆಸ್ಕೊ ಜಗತ್ತಿನಲ್ಲೇ ಶ್ರೇಷ್ಠ ಎಂದು ಘೋಷಿಸಿದೆ ಎಂಬ ಸುಳ್ಳು ವರ್ಷಗಟ್ಟಲೆ ಸುತ್ತಿದೆ, ಯುನೆಸ್ಕೊ ಅಂಥ ಘೋಷಣೆ ಮಾಡಿಯೇ ಇಲ್ಲ. ಅನುಮಾನ ಬಂದವರು ಅದೇ ಫೋನಿನಲ್ಲಿ ಹುಡುಕಿ ನೋಡಬಹುದು ಎಂಬುದು ಅರ್ಧ ಸಮಾಧಾನ ಮಾತ್ರ. ಉತ್ತರ ಬೆರಳ ತುದಿಯಲ್ಲೇ ಇರುವುದರಿಂದ ಊಹಿಸುವ ತಾಳ್ಮೆಯೂ ಹೋಗುತ್ತಿದೆ. ಬೇಗ ಹುಡುಕಿ ಹಾಕಿದವರಿಗೆ ಹೆಬ್ಬೆರಳಿನ ಗುರುತು ಸಿಗುತ್ತದೆ, ಯೋಚಿಸುತ್ತ ಕೂತವರಿಗೆ ಏನೂ ಇಲ್ಲ. ಕೇಳಿದವರು ಉತ್ತರವನ್ನು ಸಂಜೆಯವರೆಗೆ ತಡೆದು, ನಡುನಡುವೆ ಸುಳಿವು ಬಿಡುವ ಗುಂಪುಗಳಲ್ಲಿ ಮಾತ್ರ ಆಟ ಆಟವಾಗಿ ಉಳಿದಿದೆ.

ಅಚ್ಚಾದ ಪುಸ್ತಕಗಳೂ ಈ ದೋಷದಿಂದ ಹೊರತಲ್ಲ. ಭಾರತದ ರಾಷ್ಟ್ರೀಯ ಕ್ರೀಡೆ ಯಾವುದು ಎಂಬ ಪ್ರಶ್ನೆಗೆ ಹಾಕಿ ಎಂಬ ಉತ್ತರ ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ತಲೆಮಾರುಗಳಿಂದ ಇದೆ. ಯಾವ ಕ್ರೀಡೆಗೂ ಆ ಸ್ಥಾನ ಕೊಟ್ಟಿಲ್ಲ ಎಂದು ಕೇಂದ್ರ ಕ್ರೀಡಾ ಸಚಿವಾಲಯ 2012ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರಿಸಿತು. ಆ ಮೇಲೂ ಶಾಲೆಯ ಕ್ವಿಜ್‌ಗಳಲ್ಲಿ ಹಾಕಿ ಎಂದವರಿಗೇ ಅಂಕ ಸಿಗುವುದುಂಟು, ಯಾವುದೂ ಇಲ್ಲ ಎಂದವರ ಪ್ರಶ್ನೆ ಪಕ್ಕದ ತಂಡಕ್ಕೆ ಪಾಸ್ ಆಗುತ್ತದೆ.