ದಾದಿಯ ಹಾಸ್ಯ: ಮಾನಿಕಾ ಡಿಕನ್ಸಳ ‘ಒನ್ ಪೇರ್ ಆಫ್ ಫೀಟ್’

ಹಾಸ್ಯಕ್ಕೂ ಕರುಣಕ್ಕೂ ವಿರೋಧವುಂಟೆಂಬುದು ನಮ್ಮ ಆಲಂಕಾರಿಕರ ಮತ. ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ಭಯಾನಕವನ್ನೂ ಕರುಣವನ್ನೂ ಹಾಸ್ಯಕ್ಕೆ ವಿರೋಧಿಗಳೆಂದು ಎಣಿಸಿದ್ದಾನೆ. ಹಾಗಿರಲು, ರೋಗಮರಣಗಳಿಗೆ ಮನೆಯಾದ ಆಸ್ಪತ್ರೆಯನ್ನು ಕುರಿತು ನಗೆಯ ಗ್ರಂಥವನ್ನು ಬರೆಯುವುದು ಉಚಿತವೇ, ಬರೆದರೆ ಅದು ರಸಭಂಗಕ್ಕೆ ಎಡೆಗೊಡದೆ ಉಳಿದೀತೇ ಎಂಬ ಪ್ರಶ್ನೆ ಏಳುವುದು ಸಹಜವಾಗಿದೆ. ಈ ಪ್ರಶ್ನೆಯ ಪರೀಕ್ಷೆಗೆ 1942ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ‘ಒನ್ ಪೇರ್ ಆಫ್ ಫೀಟ್’ ಎಂಬ ಗ್ರಂಥವು ಬಹಳ ಅನುಕೂಲವಾದುದು. ಮಾನಿಕಾ ಡಿಕನ್ಸ್ (1915–1992) ಎಂಬಾಕೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ದಾದಿಯ ವಿದ್ಯೆಯನ್ನು ಕಲಿಯಲು ಇಂಗ್ಲೆಂಡಿನ ಆಸ್ಪತ್ರೆಯೊಂದನ್ನು ಸೇರಿ, ಸುಮಾರು ಒಂದು ವರ್ಷದ ತನ್ನ ಅನುಭವವನ್ನು, ಆಸ್ಪತ್ರೆಗೆ ಕಲ್ಪಿತನಾಮವನ್ನಿಟ್ಟು, ಇದರಲ್ಲಿ ನಿರೂಪಿಸಿದ್ದಾಳೆ.

ಈಕೆ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸನ ಮೊಮ್ಮಗನ ಮಗಳು. ಈ ಸಂಬಂಧವು ಕೇವಲ ವಂಶಾವಳಿಯ ವಿಷಯವಲ್ಲ. ಇಂಗ್ಲಿಷ್ ಸಾಹಿತ್ಯದಲ್ಲಿ ಹಾಸ್ಯಪಾತ್ರವಾದ ದಾದಿಯರಲ್ಲಿ ಅಗ್ರಗಣ್ಯಳಾದ ಸೇರಿ ಗ್ಯಾಂಪ್ ಎಂಬವಳನ್ನು ಸೃಷ್ಟಿಸಿದವನು ಆ ಮುತ್ತಾತನೇ. 1843–44ರಲ್ಲಿ ಭಾಗಭಾಗವಾಗಿ ಹೊರಬಂದ ‘ಮಾರ್ಟಿನ್ ಚಜ್ಲ್‌ವಿಟ್’ ಕಾದಂಬರಿಯಲ್ಲಿ ಈ ಹೆಂಗಸು ಹೆರಿಗೆಗೂ ಸಾವಿಗೂ ಸಮಾನವಾದ ಉತ್ಸಾಹದಿಂದ ಹೋಗುತ್ತಾಳೆ. ಮದ್ಯದ ಸೀಸೆಯನ್ನು ಕೈಗೆಟುಕುವಲ್ಲಿ ಇಟ್ಟುಕೊಳ್ಳುತ್ತಾಳೆ. ಹ್ಯಾರಿಸಮ್ಮನೆಂಬ, ಯಾರೂ ಕಾಣದ ಗೆಳತಿಯ ಬಾಯಿಂದ ತನ್ನನ್ನು ತಾನೇ ಹೊಗಳಿಸಿಕೊಳ್ಳುತ್ತಾಳೆ. ಅವಳ ಕೊಡೆಯು ಎಷ್ಟು ಪ್ರಸಿದ್ಧವಾಯಿತೆಂದರೆ ‘ಗ್ಯಾಂಪ್’ ಎಂಬ ಮಾತೇ ಇಂಗ್ಲಿಷಿನಲ್ಲಿ ಕೊಡೆಗೆ ಹೆಸರಾಯಿತು. ಧನಂಜಯನು ದಶರೂಪಕದಲ್ಲಿ, ತನ್ನ ಅಥವಾ ಪರರ ವಿಕೃತವಾದ ಆಕಾರ, ಮಾತು, ವೇಷಗಳಿಂದ ಹಾಸವು ಹುಟ್ಟುವುದೆಂದು ಹೇಳಿರುವನಷ್ಟೆ. ಗ್ಯಾಂಪಳ ಹಾಸ್ಯವು ಎರಡನೆಯ ಬಗೆಯದು. ಇಲ್ಲಿ ನಗುವವನು ಹೊರಗೆ ನಿಂತಿದ್ದಾನೆ. ದಾದಿಯು ನಗೆಗೆ ಗುರಿಯಾಗಿದ್ದಾಳೆಯೇ ಹೊರತು ತಾನು ನಗುವವಳಲ್ಲ.

ಗ್ಯಾಂಪಳಿಗೂ ಮಾನಿಕೆಗೂ ನಡುವೆ ಫ್ಲಾರೆನ್ಸ್ ನೈಟಿಂಗೇಲಳು ಬರುತ್ತಾಳೆ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ನಿಧಿಯಿಂದ ಸ್ಥಾಪಿತವಾದ ಶಾಲೆಯು, ಒಂದು ವರ್ಷದ ಕ್ರಮಶಿಕ್ಷಣವನ್ನು ಏರ್ಪಡಿಸಿ, ದಾದಿಯ ಕೆಲಸಕ್ಕೆ ಗೌರವವನ್ನು ತಂದಿತು. ಶೀಲ, ಶುಚಿ, ವಿಧೇಯತೆಗಳು ಅದರ ಮೂಲಮಂತ್ರ. 1919ರ ಶಾಸನದಿಂದ ದಾದಿಯರ ನೋಂದಣಿಯೂ ಬಂದು, ಶಿಕ್ಷಣವು ಮೂರು ವರ್ಷದ್ದಾಗಿ ನೆಲೆಗೊಂಡಿತು. ಈ ಅವಧಿಯಲ್ಲಿ ದಾದಿಯ ಚಿತ್ರವು ಸಂಪೂರ್ಣವಾಗಿ ಬದಲಾಯಿತು: ಸೀಸೆಯನ್ನು ಹಿಡಿದವಳು ಹೋಗಿ ದೀಪವನ್ನು ಹಿಡಿದವಳು ಬಂದಳು. ಪೂಜ್ಯತೆ ಬಂದಲ್ಲಿ ನಗೆಗೆ ತಾವಿಲ್ಲವಾಯಿತು. ಹೊರಗಿನವನು ನಗುವುದು ಅವಿನಯ, ಒಳಗಿನವಳು ನಗುವುದು ಅವಿಧೇಯತೆ. ಈ ಕಟ್ಟನ್ನು ಬಿಚ್ಚಿದುದೇ ಪ್ರಕೃತ ಗ್ರಂಥದ ಮುಖ್ಯವಾದ ಸಾಧನೆಯೆಂದು ನಮ್ಮ ಅಭಿಪ್ರಾಯ.

ಹೆಸರಿನಿಂದಲೇ ವಿಚಾರಮಾಡಬಹುದು. ಅಡಿಗೆಯವಳಾಗಿ ದುಡಿದ ಅನುಭವವನ್ನು ಕುರಿತ ಈಕೆಯ ಮೊದಲ ಗ್ರಂಥ ‘ಒನ್ ಪೇರ್ ಆಫ್ ಹ್ಯಾಂಡ್ಸ್’ (1939), ಎಂದರೆ ‘ಒಂದು ಜೊತೆ ಕೈಗಳು’. ಇದು ‘ಒಂದು ಜೊತೆ ಪಾದಗಳು’. ಅವಯವದಿಂದ ಅವಯವಿಯನ್ನು ಸೂಚಿಸುವ ಈ ಲಕ್ಷಣೆಗೆ ಪ್ರಯೋಜನವುಂಟು. ಯಜಮಾನಿಗೆ ಸೇವಕಿಯು ಎರಡು ಕೈಗಳು ಮಾತ್ರ. ಆಸ್ಪತ್ರೆಗೆ ವಿದ್ಯಾರ್ಥಿನಿಯು ದಣಿಯದೆ ನಡೆಯಬೇಕಾದ ಎರಡು ಪಾದಗಳು ಮಾತ್ರ. ಉಳಿದ ಮನುಷ್ಯಳನ್ನು ಯಾರೂ ಕೇಳುವುದಿಲ್ಲ. ಆ ಉಳಿದ ಮನುಷ್ಯಳೇ ಗ್ರಂಥವನ್ನು ಬರೆದಿರುವುದು. ಸಿನಿಮಾದಲ್ಲಿ ಕಂಡ ಶುಭ್ರವಸ್ತ್ರದ ದಾದಿಯ ವೈಭವವನ್ನು ನೆನೆದು ಬಂದ ಹುಡುಗಿಗೆ ಬೆಡ್‌ಪ್ಯಾನ್ ತೊಳೆಯುವುದೂ ನೆಲ ಗೋಡೆಗಳನ್ನು ಉಜ್ಜುವುದೂ ಗಂಟುಬೀಳುತ್ತವೆ. ಧನಂಜಯನು ಹೇಳಿದ ವೇಷ, ಆಕಾರ, ಮಾತು ಮೂರೂ ಇಲ್ಲಿ ಅವಳವೇ: ಗಂಜಿಹಾಕಿದ ಟೋಪಿಯೊಳಗೆ ಸಿಕ್ಕಿಕೊಂಡವಳೂ, ತಡವಾಗಿ ಓಡಿಬರುವವಳೂ, ತಪ್ಪು ಉತ್ತರವನ್ನು ಕೊಡುವವಳೂ ಅವಳೇ. ಒಂದೇ ಮನೆತನದಲ್ಲಿ, ಒಂದು ಶತಮಾನದೊಳಗಾಗಿ, ಪರಸ್ಥವಾಗಿದ್ದ ದಾದಿಯ ಹಾಸ್ಯವು ಹೀಗೆ ಆತ್ಮಸ್ಥವಾಯಿತು.

ಆದರೆ ಹಾಸ್ಯದ ನಿಜವಾದ ಆಲಂಬನವು ಆಕೆಯಲ್ಲ, ಶ್ರೇಣಿ. ಅಂದಿನ ಇಂಗ್ಲಿಷ್ ಆಸ್ಪತ್ರೆಯಲ್ಲಿ ಮೇಟ್ರನ್ನಿನಿಂದ ಸಿಸ್ಟರಿಗೆ, ಸಿಸ್ಟರಿನಿಂದ ಸ್ಟಾಫ್ ನರ್ಸಿಗೆ, ಅಲ್ಲಿಂದ ಒಂದೊಂದೇ ಮೆಟ್ಟಲಾಗಿ ಹೊಸ ವಿದ್ಯಾರ್ಥಿನಿಯವರೆಗೆ ಆಜ್ಞೆಯು ಇಳಿದುಬರುತ್ತಿತ್ತು. ಕೆಲವು ತಿಂಗಳು ಮೊದಲು ಸೇರಿದವಳೂ ಹಿರಿಯಳೇ. ಈ ಕ್ರಮವು ಕ್ರಮೇಣ ರೋಗಿಯನ್ನು ಮರೆತು ತನಗಾಗಿಯೇ ತಾನಿರುವಂತಾದುದನ್ನು ಗ್ರಂಥಕರ್ತ್ರಿಯು ಬೋಧಿಸುವುದಿಲ್ಲ, ತೋರಿಸುತ್ತಾಳೆ. ಹೊರಗೆ ಯುದ್ಧದಿಂದ ಜಗತ್ತೇ ನಡುಗುತ್ತಿರುವಾಗ, ಒಳಗೆ ವಾರ್ಡಿನ ಸುದ್ದಿಯೇ ಸುದ್ದಿ. ಮೊದಲು ಇದನ್ನು ಕಂಡು ಬೆರಗಾದವಳೇ ಬರಬರುತ್ತ ಆ ಗೋಡೆಗಳೊಳಗಿನ ಜೀವಿಯಾಗಿಬಿಡುವುದು ಈ ಗ್ರಂಥದ ಸೂಕ್ಷ್ಮವಾದ ಭಾಗ.

ಇನ್ನು ಮೊದಲಿನ ಪ್ರಶ್ನೆ. ರಸವಿರೋಧವನ್ನು ಶಾಸ್ತ್ರಕಾರರು ಆಲಂಬನೈಕ್ಯ, ಆಶ್ರಯೈಕ್ಯ, ನೈರಂತರ್ಯ ಎಂದು ವಿಂಗಡಿಸಿರುವರು. ಇಲ್ಲಿ ಆಶ್ರಯವು ಒಂದೇ. ನಗುವವಳೂ ಮರುಗುವವಳೂ ಬೇರೆಯಲ್ಲ. ನೈರಂತರ್ಯವೂ ಇದೆ, ವಾರ್ಡಿನಲ್ಲಿ ನಗೆಯ ಹಾಸಿಗೆಗೂ ಸಾವಿನ ಹಾಸಿಗೆಗೂ ಕೆಲವೇ ಅಡಿಗಳ ಅಂತರ. ಆದರೆ ಆಲಂಬನವು ಬೇರೆ: ನಗೆ ನಿಯಮದ ಮೇಲೆ, ಮರುಕ ರೋಗಿಯ ಮೇಲೆ. ರೋಗಿಗಳ ಮಾತಿನ ಧಾಟಿಯನ್ನು ಆಕೆ ಸೊಗಸಾಗಿ ಹಿಡಿದು ನಗಿಸುವುದುಂಟು. ಅವರ ನೋವನ್ನು ನಗೆಗೆ ಒಡ್ಡುವುದಿಲ್ಲ. ಲೂಯಿಸಾ ಮೇ ಆಲ್ಕಾಟಳು ಅಮೆರಿಕದ ಅಂತರ್ಯುದ್ಧದಲ್ಲಿ ದಾದಿಯಾಗಿದ್ದು ಬರೆದ ‘ಹಾಸ್ಪಿಟಲ್ ಸ್ಕೆಚಸ್’ (1863) ಎಂಬುದರಲ್ಲಿ ತನ್ನ ಪ್ರಯಾಣದ ಪರದಾಟವನ್ನು ಮೊದಲು ಹೇಳಿ ನಗಿಸಿ, ಸೈನಿಕನ ಮರಣವನ್ನು ಬೇರೆಯಾಗಿಯೇ ನಿರೂಪಿಸುತ್ತಾಳೆ. ಅದು ಸುರಕ್ಷಿತವಾದ ಮಾರ್ಗ. ಮಾನಿಕೆಯದು ಕಠಿನತರವಾದುದು.

1943ರಲ್ಲಿ ಈ ಗ್ರಂಥವನ್ನು ಆಧರಿಸಿ ಮಾರಿಸ್ ಎಲ್ವಿಯು ನಿರ್ದೇಶಿಸಿದ ಚಲಚ್ಚಿತ್ರದ ಹೆಸರು ‘ದಿ ಲ್ಯಾಂಪ್ ಸ್ಟಿಲ್ ಬರ್ನ್ಸ್’. ಪಾದಗಳು ಹೋಗಿ ದೀಪವೇ ಮರಳಿ ಬಂದಿತು. ಆಸ್ಪತ್ರೆಯ ಕಟ್ಟುನಿಟ್ಟನ್ನು ಅದೂ ಪ್ರಶ್ನಿಸುತ್ತದೆ, ಆದರೆ ಗಂಭೀರವಾಗಿ. ನಗೆಯು ಲೋಪವಾದ ಒಡನೆಯೇ ನಾಯಿಕೆಯು ಮತ್ತೆ ಪ್ರತಿಮೆಯಾದಳು. ಈ ಕೃತಿಯಲ್ಲಿ ಹಾಸ್ಯವು ಅಲಂಕಾರವಲ್ಲ, ಅರ್ಥವೇ ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

ದೋಷವನ್ನೂ ಹೇಳಬೇಕು. ಗ್ರಂಥಕರ್ತ್ರಿಯು ಸಂಪನ್ನವಾದ ಮನೆತನದವಳು, ರಾಜಸಭೆಯಲ್ಲಿ ಕಾಣಿಸಿಕೊಂಡವಳು. ಮೂರು ವರ್ಷದ ಶಿಕ್ಷಣವನ್ನು ಮುಗಿಸದೆ ಆಸ್ಪತ್ರೆಯನ್ನು ಬಿಟ್ಟು, ವಿಮಾನದ ಕಾರ್ಖಾನೆಗೂ ಅನಂತರ ಪತ್ರಿಕೆಯೊಂದಕ್ಕೂ ಹೋಗಿ, ಅವುಗಳನ್ನೂ ಗ್ರಂಥಗಳಿಗೆ ವಸ್ತುವಾಗಿಸಿಕೊಂಡಳು. ಆಕೆಯ ಜೊತೆಯ ಹುಡುಗಿಯರಿಗೋ, ಇದು ಜೀವನೋಪಾಯ. ಮೇಟ್ರನ್ನಿನ ಕೋಪವು ಒಬ್ಬಳಿಗೆ ಒಂದು ಅಧ್ಯಾಯವಾದರೆ ಇನ್ನೊಬ್ಬಳಿಗೆ ಅನ್ನದ ಪ್ರಶ್ನೆ. ಸಹಪಾಠಿಗಳ ಸಂಕುಚಿತತೆಯನ್ನು ಆಕೆ ಚಿತ್ರಿಸುವಾಗ, ಅವರು ವ್ಯಕ್ತಿಗಳಾಗದೆ ಮಾದರಿಗಳಾಗಿ ಉಳಿಯುವುದಕ್ಕೆ ಇದೇ ಕಾರಣ. ಅಲ್ಲಿ ಹಾಸ್ಯವು ಮತ್ತೆ ಪರಸ್ಥವಾಗುತ್ತದೆ. ಮುತ್ತಾತನ ದೃಷ್ಟಿ ಹಿಂದಿರುಗುತ್ತದೆ. ಆಲ್ಕಾಟಳೂ ಸುಮಾರು ಆರು ವಾರಗಳಲ್ಲಿ ವಿಷಮಜ್ವರದಿಂದ ಮನೆಗೆ ಮರಳಿದವಳೇ. ಹೊರಬೀಳಲು ಬಾಗಿಲಿದ್ದವರ ನಗೆಯನ್ನೇ ಈ ಎರಡು ಗ್ರಂಥಗಳೂ ನಮಗೆ ಕೇಳಿಸುತ್ತವೆ; ಬಾಗಿಲಿಲ್ಲದವರ ನಗೆಯು ಊಟದ ಮನೆಯಲ್ಲಿಯೇ ಉಳಿದುಹೋಗುತ್ತದೆ.

ಅದೇ 1942ರಲ್ಲಿ ನಮ್ಮಲ್ಲಿ ವೈದ್ಯರಾದ ಡಾಕ್ಟರ್ ಎಂ. ಶಿವರಾಂ ಅವರು ‘ಕೊರವಂಜಿ’ ಎಂಬ ಹಾಸ್ಯಪತ್ರಿಕೆಯನ್ನು ಆರಂಭಿಸಿದರು. ರೋಗವನ್ನು ನಿತ್ಯವೂ ಕಾಣುವವರಿಗೆ ನಗೆಯು ಪರಕೀಯವಲ್ಲವೆಂಬುದಕ್ಕೆ ಕನ್ನಡಿಗರಿಗೆ ದೂರದ ನಿದರ್ಶನ ಬೇಕಾಗಿಲ್ಲ. ‘ಶುಶ್ರೂಷೆ’ ಎಂಬ ಶಬ್ದಕ್ಕೆ ಧಾತ್ವರ್ಥವು ಕೇಳಬೇಕೆಂಬ ಇಚ್ಛೆ. ಸೇವೆಯೆಂಬ ಅರ್ಥವು ಅನಂತರದ್ದು. ಮಾನಿಕಾ ಡಿಕನ್ಸಳು ದಾದಿಯ ಪದವಿಯನ್ನು ಪಡೆಯದೆ ಹೋದರೂ, ಮೊದಲಿನ ಅರ್ಥದಲ್ಲಿ ರೋಗಿಗಳಿಗೆ ಶುಶ್ರೂಷೆಯನ್ನು ಚೆನ್ನಾಗಿಯೇ ಮಾಡಿದಳು. ಜೊತೆಯವರಿಗೂ ಅಷ್ಟೇ ಕಿವಿಗೊಟ್ಟಿದ್ದರೆ ಗ್ರಂಥವು ಇನ್ನೂ ಹಿರಿದಾಗುತ್ತಿತ್ತು.