ತ್ಸುಶಿಮಾದಲ್ಲಿ ಕಾಣದೆ ಹೋದವರು

ನಮ್ಮ ಅಕ್ಕನ ಮಗ ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದಾನೆ. ರಜೆಗೆ ಬಂದವನು ಕಂಪ್ಯೂಟರಿನ ಮುಂದೆ ಕೂತನೆಂದರೆ ಊಟಕ್ಕೆ ಮೂರು ಸಲ ಕೂಗಬೇಕು. ಗದರಲೆಂದು ಹೋದ ನಮ್ಮನ್ನೇ ಪಕ್ಕದಲ್ಲಿ ಕೂರಿಸಿಕೊಂಡು, "ಮಾಮು, ನೀವು ಕಥೆ ಬರೆಯೋರು. ಇದು ಕಥೆ ಹೌದೋ ಅಲ್ಲವೋ ನೋಡಿ ಹೇಳಿ" ಎಂದ. ನಾಲ್ಕು ಸಂಜೆ ನೋಡಿದೆವು. ಆಟದ ಹೆಸರು ‘ಘೋಸ್ಟ್ ಆಫ್ ತ್ಸುಶಿಮಾ’, ಅಂದರೆ ತ್ಸುಶಿಮಾದ ಭೂತ. ನಾಯಕನ ಹೆಸರು ಜಿನ್. ಒಳಗೆ ತಸ್ಬೀಹ್ ಎಣಿಸುತ್ತಿದ್ದ ಅಮ್ಮಿ, ಮೊಮ್ಮಗ ದಿನವಿಡೀ ಜಿನ್ನಿನ ಮಾತಾಡುವುದನ್ನು ಕೇಳಿ ನಿಜವಾಗಿಯೂ ಗಾಬರಿಯಾಗಿದ್ದರು.

1274ರಲ್ಲಿ ಕುಬ್ಲಾಯಿ ಖಾನನ ನೌಕಾಪಡೆ ಜಪಾನಿನ ಮೇಲೆ ದಂಡೆತ್ತಿ ಬಂದಾಗ ಮೊದಲು ತುಳಿದದ್ದು ತ್ಸುಶಿಮಾ ದ್ವೀಪವನ್ನು. ಅದನ್ನು ಕಥೆಯಾಗಿಸಿ ಅಮೆರಿಕದ ಸಕರ್ ಪಂಚ್ ಎಂಬ ಕಂಪನಿ 2020ರಲ್ಲಿ ಈ ಆಟವನ್ನು ಹೊರತಂದಿತು. ನೋಡಲು ಬಹಳ ಸುಂದರವಾಗಿದೆ, ಇದನ್ನು ಮೊದಲೇ ಹೇಳಿಬಿಡಬೇಕು. ದಾರಿ ತೋರಿಸಲು ಪರದೆಯ ಮೇಲೆ ಬಾಣದ ಗುರುತುಗಳಿಲ್ಲ. ಗಾಳಿ ಬೀಸುತ್ತದೆ, ಹುಲ್ಲು ಬಾಗಿದ ಕಡೆಗೆ ಕುದುರೆ ತಿರುಗಿಸಬೇಕು. 2020ರ ಸೆಪ್ಟೆಂಬರಿನಲ್ಲಿ ಚಂಡಮಾರುತಕ್ಕೆ ಸಿಕ್ಕು ಆ ದ್ವೀಪದ ವತತ್ಸುಮಿ ದೇಗುಲದ ತೋರಣಗಂಬ ಮುರಿದು ಬಿದ್ದಾಗ ಅರ್ಚಕರು ಕೇಳಿದ್ದು 50 ಲಕ್ಷ ಯೆನ್. ಕೂಡಿದ್ದು 2 ಕೋಟಿ 70 ಲಕ್ಷಕ್ಕೂ ಹೆಚ್ಚು; ಕೊಟ್ಟವರಲ್ಲಿ ಬಹಳ ಮಂದಿ ಈ ಆಟ ಆಡಿದವರು. ಕಂಡಿಲ್ಲದ ಊರಿನ ಮೇಲೆ ಇಷ್ಟು ಪ್ರೀತಿ ಹುಟ್ಟಿಸುವುದು ಸಣ್ಣ ಮಾತಲ್ಲ. ನಮ್ಮ ಎಷ್ಟು ಕಥೆಗಳಿಗೆ ಆ ಭಾಗ್ಯವಿದೆ?

ಆದರೆ ಹುಡುಗ ಕೇಳಿದ ಪ್ರಶ್ನೆ ಉಳಿದೇ ಇತ್ತು. ಆಟದ ಜೀವಾಳ ಒಂದು ಧರ್ಮಸಂಕಟ. ಸಮುರಾಯಿ ಎದುರಾಳಿಯನ್ನು ಎದುರಿಗೆ ನಿಂತೇ ಕೊಲ್ಲಬೇಕು ಎಂದು ಹೇಳಿಕೊಟ್ಟ ಸೋದರಮಾವ ಒಂದು ಕಡೆ. ಕತ್ತಲಲ್ಲಿ ಹಿಂದಿನಿಂದ ಇರಿಯದೆ ಊರು ಉಳಿಯದು ಎಂಬ ಅರಿವು ಇನ್ನೊಂದು ಕಡೆ. ಮಾನ ಉಳಿಸಿಕೊಳ್ಳುವುದೋ, ಜನರನ್ನು ಉಳಿಸಿಕೊಳ್ಳುವುದೋ? ಪ್ರಶ್ನೆ ಚೆನ್ನಾಗಿದೆ. ಅದು 1274ರದ್ದಲ್ಲ, ಅಷ್ಟೆ. ಸಮುರಾಯಿಗಳ ಆತ್ಮದಂತಿದ್ದ ಒಂದು ನೀತಿಸಂಹಿತೆ ಎಂದು ಜಗತ್ತು ನಂಬಿರುವ ‘ಬುಷಿದೊ’ವನ್ನು ಹೊರಗಿನವರಿಗೆ ಪರಿಚಯಿಸಿದವರು ನಿತೊಬೆ ಇನಾಜೊ. ಅವರ ಪುಸ್ತಕ ಅಚ್ಚಾದದ್ದು 1900ರಲ್ಲಿ, ಅಮೆರಿಕದಲ್ಲಿ, ಇಂಗ್ಲಿಷಿನಲ್ಲಿ. ಆಟದ ನಾಯಕ ಅಲ್ಲಲ್ಲಿ ಕೂತು ಹೈಕು ಕಟ್ಟುತ್ತಾನೆ. ಆ ರೂಪ ಅರಳಿದ್ದು 17ನೇ ಶತಮಾನದ ಬಾಶೋನ ಕಾಲದಲ್ಲಿ.

1274ರ ನಿಜವಾದ ಸಮುರಾಯಿಯೊಬ್ಬ ನಮಗೆ ಸಿಗುತ್ತಾನೆ. ಹೆಸರು ತಕೆಜಾಕಿ ಸುಯೆನಾಗ, ಕ್ಯೂಷು ದ್ವೀಪದವನು. ಆ ಯುದ್ಧದಲ್ಲಿ ಬೆರಳೆಣಿಕೆಯ ಸವಾರರೊಂದಿಗೆ ಮುನ್ನುಗ್ಗಿದ. ಕುದುರೆಗೆ ಬಾಣ ತಗುಲಿತು. ಆದರೆ ಅವನ ಸಾಹಸದ ವರದಿ ರಾಜಧಾನಿ ಕಾಮಾಕುರಾಕ್ಕೆ ಮುಟ್ಟಲೇ ಇಲ್ಲ. 1275ರಲ್ಲಿ ಆತ ಕುದುರೆ, ಜೀನು ಮಾರಿ ದಾರಿಖರ್ಚಿಗೆ ಮಾಡಿಕೊಂಡು ಅಷ್ಟು ದೂರ ಹೋಗಿ, ಅಧಿಕಾರಿಯ ಮುಂದೆ ಹಟ ಹಿಡಿದು ಕೂತ: ಮೊದಲು ನುಗ್ಗಿದವನು ನಾನು, ಲೆಕ್ಕದಲ್ಲಿ ಬರೆಯಿರಿ! ಕೊನೆಗೆ ಒಂದು ಕುದುರೆಯನ್ನೂ ಜಮೀನಿನ ಅಧಿಕಾರವನ್ನೂ ಪಡೆದೇ ಹಿಂದಿರುಗಿದ. ಮುಂದೆ ಅದನ್ನೆಲ್ಲ ಚಿತ್ರಸುರುಳಿಯಾಗಿ ಬರೆಸಿದ. ರಕ್ತ ಸುರಿಸುವ ಕುದುರೆ, ಪಕ್ಕದಲ್ಲಿ ಸಿಡಿಯುವ ಬಾಂಬು ಅದರಲ್ಲಿವೆ. ತಾಲ್ಲೂಕು ಕಚೇರಿಯ ಬೆಂಚಿನ ಮೇಲೆ ಫೈಲು ಹಿಡಿದು ಕೂತವರನ್ನು ಕಂಡ ಯಾರಿಗೂ ಸುಯೆನಾಗ ಅಪರಿಚಿತನಲ್ಲ. ನಮಗಂತೂ ಜಿನ್‌ಗಿಂತ ಈತನೇ ಹತ್ತಿರದವನಾಗಿ ಕಂಡ.

ಇನ್ನು ವೈರಿ. ಆಟದಲ್ಲಿ ವೈರಿ ಎಂದರೆ ಮಂಗೋಲ, ಅವನಿಗೆ ಖೋತುನ್ ಖಾನ್ ಎಂಬ ಕಲ್ಪಿತ ನಾಯಕ. ಆದರೆ ಅವರು ಬಂದ ಹಡಗು ಎಲ್ಲಿಯದು? ಮೂವತ್ತು ವರ್ಷ ಮಂಗೋಲರ ದಾಳಿಗೆ ಎದೆಯೊಡ್ಡಿ ಕೊನೆಗೆ ತಲೆಬಾಗಿದ್ದ ಕೊರಿಯಾದ್ದು. ಆಗ ಆ ರಾಜ್ಯಕ್ಕೆ ಗೊರ್ಯೊ ಎಂಬ ಹೆಸರು. 1274ರ ಮೊದಲ ತಿಂಗಳಲ್ಲಿ ಅಪ್ಪಣೆ ಬಂತು, ಐದನೆಯ ತಿಂಗಳ ಕೊನೆಗೆ ದೊಡ್ಡವು ಚಿಕ್ಕವು ಸೇರಿ 900 ಹಡಗು ಸಿದ್ಧವಾಗಬೇಕು. ಕಾಡು ಕಡಿಯಲು, ಮರ ಕೊಯ್ಯಲು ಹಿಡಿದು ತಂದ ಬಡಗಿಗಳು ಮತ್ತು ಆಳುಗಳು 30,500 ಎಂದು ಆ ರಾಜ್ಯದ ಇತಿಹಾಸಗ್ರಂಥ ಹೇಳುತ್ತದೆ. ದಕ್ಷಿಣ ಚೀನಾದ ಮಾದರಿಯಲ್ಲಿ ಕಟ್ಟಿದರೆ ಖರ್ಚೂ ಹೆಚ್ಚು, ಗಡುವಿಗೂ ಮುಗಿಯದೆಂದು ತಮ್ಮ ನಾಡಿನ ರೀತಿಯಲ್ಲೇ ಕಟ್ಟಿದರು. ಉತ್ತು ಬಿತ್ತುವ ತಿಂಗಳುಗಳವು. ಆ ಹಡಗುಗಳಲ್ಲಿ ಗೊರ್ಯೊದ 8,000 ಸೈನಿಕರೂ 6,700 ನಾವಿಕರೂ ಬಂದರೆಂದು ಅದೇ ಗ್ರಂಥದ ಲೆಕ್ಕ. ಅಂಕೆಗಳಲ್ಲಿ ಉತ್ಪ್ರೇಕ್ಷೆ ಇದೆ ಎನ್ನುವ ವಿದ್ವಾಂಸರಿದ್ದಾರೆ. ಇರಲಿ, ಅರ್ಧಕ್ಕೆ ಇಳಿಸಿದರೂ ಅದು ಬಿಟ್ಟಿ ದುಡಿಮೆಯೇ. ಆಟದಲ್ಲಿ ಈ ಬಡಗಿಗೆ ಪಾತ್ರವಿಲ್ಲ. ನಾಯಕ ಹಡಗಿಗೆ ಬೆಂಕಿ ಇಟ್ಟಾಗ ಹುಡುಗ ಚಪ್ಪಾಳೆ ತಟ್ಟುತ್ತಾನೆ. ಅದು ಯಾರ ಬೆವರು ಎಂದು ಕೇಳುವ ಗುಂಡಿ ಅವನ ಕೈಯಲ್ಲಿರುವ ಯಂತ್ರಕ್ಕಿಲ್ಲ.

ಯುದ್ಧದ ಮರುವರ್ಷ ಕುಬ್ಲಾಯಿ ಮತ್ತೆ ದೂತರನ್ನು ಕಳಿಸಿದ. ಐವರನ್ನು ಕಾಮಾಕುರಾದ ಹತ್ತಿರ ತತ್ಸುನೊಕುಚಿಯಲ್ಲಿ ತಲೆ ಕಡಿದರು. ಒಬ್ಬ ಕೊರಿಯಾದ ದುಭಾಷಿ. ಇನ್ನೊಬ್ಬನ ಹೆಸರನ್ನು ಚೀನೀ ಲಿಪಿಯಲ್ಲಿ ಸಾ-ದು-ಲು-ದಿಂಗ್ ಎಂದು ಬರೆದಿದ್ದಾರೆ. ಉರ್ದು ಶಾಲೆಯಲ್ಲಿ ಹಾಜರಿ ಕೂಗಿಸಿಕೊಂಡ ನಮ್ಮ ಕಿವಿಗೆ ಆ ಕೊನೆಯ ‘ದಿಂಗ್’ ಏನೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ನಮ್ಮ ಬೆಂಚಿನಲ್ಲೇ ಒಬ್ಬ ಸದ್ರುದ್ದೀನ್ ಇದ್ದ. ಈ ದೂತ ಮುಸ್ಲಿಮನಾಗಿದ್ದ ಎಂಬ ಕಾರಣಕ್ಕೆ ನಾವು ಅವನ ಪಕ್ಷ ಹಿಡಿಯುತ್ತಿಲ್ಲ. ಅವನು ದಂಡೆತ್ತಿ ಬಂದವನ ನೌಕರ. ಆದರೆ ಕೈಯಲ್ಲಿ ಕತ್ತಿಯಿಲ್ಲದೆ, ಕಾಗದ ಹಿಡಿದು ಬಂದವನು. ಕತ್ತಿ ಹಿಡಿದವನನ್ನು ಮಾತ್ರ ಮನುಷ್ಯನೆಂದು ಎಣಿಸುವ ಕಥೆಯಲ್ಲಿ ಅವನಿಗೆ ಜಾಗವೆಲ್ಲಿ?

ನಮ್ಮ ದೊಡ್ಡ ತಕರಾರು ಮಾತ್ರ ಬೇರೆಯೇ. ತ್ಸುಶಿಮಾ ಕೊರಿಯಾದಿಂದ ಸುಮಾರು 50 ಕಿಲೋಮೀಟರು, ಜಪಾನಿನ ದೊಡ್ಡ ದ್ವೀಪಗಳಿಗಿಂತ ಹತ್ತಿರ. ಗುಡ್ಡಗಾಡು ನೆಲ, ಭತ್ತದ ಗದ್ದೆ ಕಡಿಮೆ. ಆಚೆ ದಡದೊಂದಿಗೆ ವ್ಯಾಪಾರವಿಲ್ಲದೆ ಹೊಟ್ಟೆ ತುಂಬದು. 1274ರಲ್ಲಿ ಸುಮಾರು 80 ಸವಾರರೊಂದಿಗೆ ಕೊಮೊದಾ ಕಡಲತೀರದಲ್ಲಿ ಸತ್ತ ಸೊ ಸುಕೆಕುನಿಯ ಮನೆತನವೇ ಮುಂದೆಯೂ ಆ ದ್ವೀಪವನ್ನು ಆಳಿತು. 1592ರಿಂದ 1598ರವರೆಗೆ ಜಪಾನು ಕೊರಿಯಾವನ್ನು ಹಾಳುಗೆಡವಿತು. ಆ ದಂಡಿನ ಮುಂಚೂಣಿಯಲ್ಲಿ ಸೊ ಮನೆತನದವರೂ ಇದ್ದರು. ಯುದ್ಧ ಮುಗಿದಾಗ ಹಸಿದದ್ದು ತ್ಸುಶಿಮಾ. ಮೊದಲು ಜಪಾನಿನ ದೊರೆಯಿಂದ ಪತ್ರ ಬರಲಿ ಎಂದಿತು ಕೊರಿಯಾ. ಆಗ ಸೊ ಮನೆತನದವರು ಏನು ಮಾಡಿದರು? ತಾವೇ ಪತ್ರ ಬರೆದು, ತಾವೇ ಮೊಹರು ಒತ್ತಿ ಕಳಿಸಿದರು. ಆಚೆಯಿಂದ ಬಂದ ಉತ್ತರವನ್ನೂ ನಡುದಾರಿಯಲ್ಲಿ ತಿದ್ದಿದರು. ಎರಡೂ ಕಡೆಯವರು ನಂಬಿದರು, ಅಥವಾ ನಂಬಿದಂತೆ ನಟಿಸಿದರು. 1607ರಲ್ಲಿ ಕೊರಿಯಾದ ರಾಯಭಾರಿಗಳು ಬಂದು ಸೆರೆಯಾಗಿದ್ದ ತಮ್ಮ ಜನರನ್ನು ಕರೆದೊಯ್ದರು. 1609ರಲ್ಲಿ ವ್ಯಾಪಾರದ ಒಪ್ಪಂದವಾಯಿತು. 1635ರಲ್ಲಿ ಗುಟ್ಟು ರಟ್ಟಾದಾಗಲೂ ಶೋಗನ್ ಆ ದ್ವೀಪವನ್ನು ಸೊ ಮನೆತನದ ಕೈಯಲ್ಲೇ ಬಿಟ್ಟ. ರಾಯಭಾರಿಗಳ ಬರುಹೋಗು 1811ರವರೆಗೂ ನಡೆಯಿತು.

ಯುದ್ಧ ಗೆಲ್ಲಲು ಮಾನ ಬಿಟ್ಟವನ ಕಥೆಯನ್ನು ಆಟ ಹೇಳುತ್ತದೆ. ಅದೇ ಮಣ್ಣಿನಲ್ಲಿ ಯುದ್ಧ ನಿಲ್ಲಿಸಿ ಅನ್ನ ಕಾಣಲು ಸುಳ್ಳು ಪತ್ರ ಬರೆದವರಿದ್ದರು. ಕಥೆಗಾರನಿಗೆ ಇದಕ್ಕಿಂತ ಹುಲುಸಾದ ವಸ್ತು ಬೇಕೇ? ಹುಡುಗನಿಗೆ ಹೇಳಿದೆವು. ಅವನು ಆಟ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದ.

"ಅದನ್ನು ಆಟ ಮಾಡಿದರೆ ಯಾರು ಆಡ್ತಾರೆ ಮಾಮು? ಕೂತು ಮೊಹರು ಕೆತ್ತಬೇಕಾ?"

ಸೊ ಮನೆತನದವರು ಮರದಲ್ಲಿ ಕೆತ್ತಿಸಿದ ನಕಲಿ ಮೊಹರುಗಳು ಈಗಲೂ ಕ್ಯೂಷು ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ ಎಂದೆವು. ಚಿತ್ರ ಹುಡುಕಿ ಕೊಡು, ನೋಡೋಣ ಎಂದಾಗ ಅವನು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ. ಅಷ್ಟರಲ್ಲಿ ಅಮ್ಮಿ ಊಟಕ್ಕೆ ಕೂಗಿದರು. ಆ ದಿನ ಇಬ್ಬರನ್ನೂ ಮೂರು ಸಲ ಕೂಗಬೇಕಾಯಿತು.