ಹಲ್ಲಿಗೆ ಹಗುರವಾದ ಚುಂಗಾಣಿ

ಬೈರಾಗಿಗಳ ಚಿಲುಮೆಯು ನೆಟ್ಟಗೆ ಹಿಡಿಯಬೇಕಾದ ಮಣ್ಣಿನ ಕೊಳವೆಯಾದುದರಿಂದ ಎರಡೂ ಅಂಗೈಗಳ ಆಸರೆಯನ್ನು ಬೇಡುತ್ತದೆ. ಕದಿರು ತಿರುಗಿಸುತ್ತ ಕುರಿ ಕಾಯುವ ಚಿತ್ರದುರ್ಗ ಸೀಮೆಯವನಿಗೆ ತುಟಿಯಂಚಿನ ಬೀಡಿಯೇ ಅನುಕೂಲ. ಕೈಬಿಟ್ಟು ಸೇದುವ ಚುಂಗಾಣಿಯ, ಅಂದರೆ ಪೈಪಿನ, ಆಯ್ಕೆಯಲ್ಲಿ ತೂಕದಷ್ಟೇ ಅದು ಬೀಳುವ ಜಾಗವೂ ಮುಖ್ಯ: ನೇರ ಕೊಳವೆಯಲ್ಲಿ ಹೊಗೆಸೊಪ್ಪು ತುಂಬುವ ಬಟ್ಟಲು ಹಲ್ಲಿನಿಂದ ದೂರ ನಿಂತು ಸನ್ನೆಗೋಲಿನಂತೆ ದವಡೆಯನ್ನು ದಣಿಸಿದರೆ, ಬಾಗಿದ ಕೊಳವೆಯಲ್ಲಿ ಅದು ಗಲ್ಲದ ಬಳಿಗಿಳಿದು ಎಳೆತವನ್ನು ತಗ್ಗಿಸುತ್ತದೆ. ಬಾಯಿಯ ಕ್ಯಾನ್ಸರಿನ ಅಪಾಯವನ್ನು ಮಾತ್ರ ಯಾವ ಬಾಗೂ ತಗ್ಗಿಸದು. ಕುಶಲಕರ್ಮಿಯ ಜಾಣ್ಮೆ ಕಾಣುವುದು ಕಚ್ಚುವ ತುದಿಯಲ್ಲಿ. ಚಪ್ಪಟೆಯಾಗಿ ಉಜ್ಜಿದ ಆ ತುದಿಯ ಕಿರಿದಾದ ಉಬ್ಬಂಚು ಹಲ್ಲುಗಳ ಹಿಂದೆ ಸಿಕ್ಕಿಕೊಂಡು ಚುಂಗಾಣಿ ಜಾರದಂತೆ ತಡೆಯುತ್ತದೆ. ಬಾಗು ಹೆಚ್ಚಾದಷ್ಟೂ ತಗ್ಗಿನಲ್ಲಿ ತೇವ ಸೇರಿ ಗುಳುಗುಳು ಸದ್ದಾಗುವುದರಿಂದ, ಅರೆಬಾಗಿನ ಸಣ್ಣ ಬಟ್ಟಲಿನದೇ ಲೇಸು.